ತಾಮ್ರದ ಹೊಲಿಗೆಯ ದೋಣಿ

ಇಂಗ್ಲೆಂಡಿನ ಕೆರೆಗಳ ದಂಡೆಯಲ್ಲಿ, ನದಿ ಸಮುದ್ರ ಸೇರುವ ಅಳಿವೆಗಳಲ್ಲಿ, ಹುಲ್ಲಿನ ಮೇಲೆ ಮಗುಚಿ ಹಾಕಿದ ಪುಟ್ಟ ದೋಣಿಗಳ ಸಾಲು ಇರುತ್ತದೆ. ಆ ಸಾಲಿನಲ್ಲಿ ಮಿರರ್ ಎಂಬ ದೋಣಿಯನ್ನು ಗುರುತಿಸುವುದು ಕಷ್ಟವಲ್ಲ. ಮಿಕ್ಕವುಗಳ ಮೂತಿ ಚೂಪಾಗಿದ್ದರೆ ಇದರದ್ದು ಗರಗಸದಲ್ಲಿ ಕೊಯ್ದ ಹಾಗೆ ಚಪ್ಪಟೆ. ಉದ್ದ 10 ಅಡಿ 10 ಇಂಚು. ಹಾಯಿ ಏರಿಸಿದರೆ ಕೆಂಪು. ಹಳೆಯ ಮಿರರ್ ಸಿಕ್ಕರೆ ಮೊದಲು ನೋಡಬೇಕಾದದ್ದು ಹಾಯಿಯನ್ನಲ್ಲ, ಮೂತಿಯನ್ನೂ ಅಲ್ಲ. ತಳದ ಹಲಗೆ ಪಕ್ಕದ ಹಲಗೆಯನ್ನು ಸೇರುವ ಅಂಚಿದೆಯಲ್ಲ, ಅದನ್ನು. ಬಣ್ಣ ಸವೆದಲ್ಲಿ, ಅಥವಾ ಹೊಸ ಬಣ್ಣಕ್ಕಾಗಿ ಕೆರೆದಲ್ಲಿ, ಆ ಅಂಚಿನ ಎರಡೂ ಬದಿಗೆ ಜೋಡಿ ಜೋಡಿಯಾಗಿ ತಾಮ್ರದ ಚುಕ್ಕಿಗಳು ಹೊಳೆಯುತ್ತವೆ. ಒಂದು ಕಾಲಕ್ಕೆ ಅವು ಹೊಲಿಗೆಗಳು. ಯಾರೋ ಒಬ್ಬರು, ಬಹುಶಃ ಅದಕ್ಕೆ ಮುಂಚೆ ಒಂದು ಮಣೆಯನ್ನೂ ನೆಟ್ಟಗೆ ಮಾಡಿರದವರು, ತಂತಿ ಪೋಣಿಸಿ ಬಿಗಿದು ಈ ದೋಣಿಯನ್ನು ಹೊಲಿದಿದ್ದಾರೆ.

ಈ ಚುಕ್ಕಿಗಳಷ್ಟು ಚೆಲುವಾದದ್ದನ್ನು ನಾನು ದೊಡ್ಡ ವಿಹಾರನೌಕೆಗಳ ಮೇಲೆ ಕಂಡಿಲ್ಲ.

1962ರಲ್ಲಿ ಮಿರರ್ ದೋಣಿಯನ್ನು ರೂಪಿಸಿದವರು ಇಬ್ಬರು. ಜ್ಯಾಕ್ ಹೋಲ್ಟ್ ಆಗಲೇ ಕೆಡೆಟ್, ಜಿಪಿ14, ಎಂಟರ್‌ಪ್ರೈಸ್ ಮುಂತಾದ ಹಾಯಿದೋಣಿಗಳ ವಿನ್ಯಾಸದಿಂದ ಹೆಸರಾಗಿದ್ದವರು. ಬ್ಯಾರಿ ಬಕ್ನೆಲ್ ದೋಣಿಯವರಲ್ಲ. ಬಿಬಿಸಿ ಟೆಲಿವಿಷನ್ನಿನಲ್ಲಿ ಮನೆಯ ಬಾಗಿಲು, ಕಪಾಟು, ಗೋಡೆಗಳನ್ನು ಮನೆಯವರೇ ಸರಿಮಾಡಿಕೊಳ್ಳುವುದು ಹೇಗೆಂದು ತೋರಿಸಿಕೊಡುತ್ತಿದ್ದವರು. ಇವರ ಬೆನ್ನಿಗೆ ನಿಂತದ್ದು ‘ಡೈಲಿ ಮಿರರ್’ ಪತ್ರಿಕೆ. ದುಡಿಯುವ ವರ್ಗದ ಮನೆಗಳಲ್ಲಿ ಹೆಚ್ಚಾಗಿ ಓದಿಸಿಕೊಳ್ಳುತ್ತಿದ್ದ ಪತ್ರಿಕೆ ಅದು. ಹಾಯಿದೋಣಿ ಎಂದರೆ ಹಣವಂತರ ಹವ್ಯಾಸ ಎಂದಿದ್ದ ದೇಶದಲ್ಲಿ, ಅದರ ಓದುಗರು ತಮ್ಮ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ದೋಣಿ ಬೇಕಿತ್ತು. 1963ರ ಜನವರಿಯಲ್ಲಿ ಲಂಡನ್ನಿನ ದೋಣಿ ಪ್ರದರ್ಶನದಲ್ಲಿ ಮಿರರ್ ಜನರ ಕಣ್ಣಿಗೆ ಬಿತ್ತು. ಕತ್ತರಿಸಿದ ಹಲಗೆ, ತಂತಿ, ಅಂಟು, ಎಲ್ಲ ಸೇರಿದ ಕಟ್ಟಿನ ಬೆಲೆ 63 ಪೌಂಡ್ 11 ಶಿಲ್ಲಿಂಗ್. ಅಲ್ಲಿಂದ ಇಲ್ಲಿಯವರೆಗೆ ಕಟ್ಟಿದ ಮಿರರ್‌ಗಳ ಸಂಖ್ಯೆ 70,000 ದಾಟಿದೆ. ಅವುಗಳಲ್ಲಿ ಎಷ್ಟೋ ಹುಟ್ಟಿದ್ದು ಗ್ಯಾರೇಜುಗಳಲ್ಲಿ, ಹಿತ್ತಿಲ ಕೊಟ್ಟಿಗೆಗಳಲ್ಲಿ, ಊಟದ ಮೇಜು ಹೊರಗಿಟ್ಟು ತೆರವು ಮಾಡಿದ ಹಜಾರಗಳಲ್ಲಿ.

ಅದಕ್ಕೂ ಮುಂಚಿನ ಮರದ ದೋಣಿ ಮನೆಯಲ್ಲಿ ಆಗುವಂಥದ್ದಾಗಿರಲಿಲ್ಲ. ತಳದ ಬೆನ್ನುಮರ ಹಾಕಿ, ಅದಕ್ಕೆ ಪಕ್ಕೆಲುಬುಗಳನ್ನು ನಿಲ್ಲಿಸಿ, ಹಬೆಯಲ್ಲಿ ಬೇಯಿಸಿ ಬಗ್ಗಿಸಿದ ಹಲಗೆಗಳನ್ನು ಒಂದೊಂದಾಗಿ ಕೂರಿಸಿ, ಸಂದುಗಳಿಗೆ ನಾರು ತುರುಕಿ ಮುಚ್ಚುವುದು ತಲೆಮಾರುಗಳಿಂದ ಕೈಗೆ ಬಂದ ವಿದ್ಯೆ. ಬೇರೆಯವರಿಗೂ ದಾರಿ ತೆರೆದದ್ದು ನೀರಿಗೆ ಬಿಡದ ಅಂಟು. ಎರಡನೇ ಮಹಾಯುದ್ಧದ ಮೊಸ್ಕಿಟೊ ವಿಮಾನ ಹಾರಿದ್ದು ಮರ, ಪ್ಲೈವುಡ್ ಮತ್ತು ಹೊಸ ಬಗೆಯ ಕೃತಕ ಅಂಟಿನ ಬಲದಿಂದ. ಯುದ್ಧ ಮುಗಿದ ಮೇಲೆ ಆ ತಿಳಿವಳಿಕೆ ದೋಣಿಗಳಿಗೆ ಇಳಿಯಿತು. ತೆಳ್ಳಗಿನ, ಹಗುರವಾದ, ನೀರು ಕುಡಿದರೂ ಪದರು ಬಿಡದ ಹಲಗೆ ಸಿಕ್ಕಿತು. ಅದಕ್ಕೆ ಗಾಜಿನ ನಾರಿನ ಪಟ್ಟಿ ಮತ್ತು ರೆಸಿನ್ ಜೊತೆಯಾದವು. ಅಚ್ಚೂ ಬೇಡ, ಪಕ್ಕೆಲುಬೂ ಬೇಡ. ಹಲಗೆಗಳ ಅಂಚಿಗೆ ತೂತು ಕೊರೆದು ತಂತಿಯಿಂದ ಹೊಲಿದರೆ ದೋಣಿ ತನ್ನ ಆಕಾರವನ್ನು ತಾನೇ ಕಂಡುಕೊಳ್ಳುತ್ತದೆ.

ಹೀಗೆಂದು ಓದುವುದು ಬೇರೆ, ಅದು ಕಣ್ಣೆದುರು ಆಗುವುದು ಬೇರೆ. ಸೌತಾಂಪ್ಟನ್‌ನ ಹೊರವಲಯದಲ್ಲಿ ಗೆಳೆಯನೊಬ್ಬನ ಗ್ಯಾರೇಜಿನಲ್ಲಿ ನಾವು ನಾಲ್ವರು ಸೇರಿ ಕಟ್ಟಿದ್ದು ಮಿರರ್ ಅಲ್ಲ. ಅದೇ ಹೊಲಿಗೆಯ ವಿಧಾನದ, ಅದೇ ಚಪ್ಪಟೆ ಮೂತಿಯ, ಅದಕ್ಕಿಂತ ಚಿಕ್ಕ ದೋಣಿ. ಮನೆಯ ಯಜಮಾನ ಶಿವಮೊಗ್ಗದವನು. ಇನ್ನೊಬ್ಬ ಕುಮಟೆಯವನು, ಅಘನಾಶಿನಿಯ ದೋಣಿಗಳನ್ನು ನೋಡಿ ಬೆಳೆದವನು. ಮೂರನೆಯವರು ಪಕ್ಕದ ಮನೆಯ ಇಂಗ್ಲಿಷ್ ಹಿರಿಯರು, ಬದುಕಿಡೀ ಬಡಗಿ ಕೆಲಸ ಮಾಡಿ ನಿವೃತ್ತರಾದವರು.

ಹಲಗೆ ಒಕೂಮೆ ಮರದ್ದು. ಆಫ್ರಿಕದ ಗ್ಯಾಬನ್ ಕಡೆಯ ಈ ಮರ ನಸುಗೆಂಪು, ಹಗುರ, ಬಾಗುವುದಕ್ಕೆ ಹಟ ಮಾಡುವುದಿಲ್ಲ. ಪುಟ್ಟ ದೋಣಿಗೆ ನಾಲ್ಕರಿಂದ ಆರು ಮಿಲಿಮೀಟರ್ ದಪ್ಪ ಸಾಕು. ಮೇಜಿನ ಮೇಲೆ ಹರಡಿದಾಗ ಈ ಹಲಗೆಗಳಲ್ಲಿ ದೋಣಿಯ ಸುಳಿವೇ ಇಲ್ಲ. ತಳದ ಎರಡು ಹಲಗೆಗಳನ್ನು ಒಂದರ ಮೇಲೊಂದು ಇಟ್ಟು, ನಡುಬೆನ್ನಿನ ಅಂಚನ್ನು ಸಡಿಲವಾಗಿ ಹೊಲಿದು, ಆಮೇಲೆ ಪುಸ್ತಕ ಬಿಡಿಸುವ ಹಾಗೆ ಬಿಡಿಸುತ್ತಾರೆ. ಅಂಚು ನೇರವಾಗಿದ್ದರೆ ಪುಸ್ತಕ ಮಲಗಿಯೇ ಇರುತ್ತಿತ್ತು. ಆದರೆ ಮುಂಭಾಗದಲ್ಲಿ ಆ ಅಂಚನ್ನು ಕಮಾನಾಗಿ ಕತ್ತರಿಸಿರುತ್ತಾರೆ. ಬಾಗಿದ ಎರಡು ಅಂಚುಗಳು ಒಂದನ್ನೊಂದು ಮುಟ್ಟಲೇಬೇಕೆಂದು ತಂತಿ ಎಳೆಯುವಾಗ ಹಲಗೆಗೆ ಮೇಲೇಳದೆ ಬೇರೆ ದಾರಿಯಿಲ್ಲ. ಮೂತಿ ನೆಲ ಬಿಟ್ಟು ಏಳುತ್ತದೆ. ಪಕ್ಕದ ಹಲಗೆಗಳನ್ನು ಹೊಲಿದಾಗ ಹೊಟ್ಟೆ ದುಂಡಗಾಗುತ್ತದೆ. ಬೆಳಗ್ಗೆ ಗೋಡೆಗೆ ಒರಗಿಸಿಟ್ಟಿದ್ದ ಹಲಗೆಗಳು ಸಂಜೆಯ ಹೊತ್ತಿಗೆ ಒಡಲಾಗಿ ನಿಂತಿರುತ್ತವೆ. ಮರಗೆಲಸದಲ್ಲಿ ಇಷ್ಟು ದೊಡ್ಡ ಬದಲಾವಣೆ ಇಷ್ಟು ಬೇಗ ಆಗುವ ಇನ್ನೊಂದು ಗಳಿಗೆ ನನಗೆ ಗೊತ್ತಿಲ್ಲ.

ತಂತಿ ಬಿಗಿಯುವುದರಲ್ಲೇ ಒಂದು ಲಯವಿದೆ. ಒಳಗಿನವನು ಗೇಣಿಗೂ ಕಮ್ಮಿ ದೂರದ ತೂತುಗಳಲ್ಲಿ ತಂತಿ ತೂರಿಸುತ್ತಾನೆ, ಹೊರಗಿನವನು ಎರಡು ತುದಿಗಳನ್ನು ಹಿಡಿದು ಇಕ್ಕಳದಿಂದ ತಿರುವುತ್ತಾನೆ. ಒಂದೇ ಸಲಕ್ಕೆ ಬಿಗಿದರೆ ತಂತಿ ಕಡಿಯುತ್ತದೆ, ಇಲ್ಲವೇ ತೂತು ಹರಿಯುತ್ತದೆ. ಹಾಗಾಗಿ ನಡುವಿನಿಂದ ಹೊರಟು ತುದಿಯವರೆಗೆ, ಎಡಕ್ಕೊಂದು ಬಲಕ್ಕೊಂದು, ಪ್ರತಿಯೊಂದಕ್ಕೂ ಅರ್ಧ ಸುತ್ತು. ಮತ್ತೆ ಮೊದಲಿನಿಂದ. ಪ್ರತಿ ಸುತ್ತಿಗೂ ಹಲಗೆ ನರಳುತ್ತದೆ. ಮೊದಲು ಎದೆ ಝಲ್ಲೆನ್ನುತ್ತದೆ, ಆಮೇಲೆ ಆ ಸದ್ದಿನಿಂದಲೇ ಇನ್ನೆಷ್ಟು ಎಳೆಯಬಹುದೆಂದು ಕೈಗೆ ತಿಳಿಯುತ್ತದೆ. ನಮ್ಮ ಬಡಗಿ ಹಿರಿಯರು ಇಕ್ಕಳ ಹಿಡಿದವನ ಮುಖ ನೋಡುತ್ತಿರಲಿಲ್ಲ, ಹಲಗೆಗೆ ಕಿವಿಗೊಟ್ಟು ಕೂರುತ್ತಿದ್ದರು.

ಹೊಲಿದ ದೋಣಿ ನಮ್ಮ ಪಶ್ಚಿಮ ಕರಾವಳಿಗೆ ಹೊಸದೇನಲ್ಲ. ಕಬ್ಬಿಣದ ಮೊಳೆಯಿಲ್ಲದೆ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಬಿಗಿದು, ಮರದ ಅಂಟು ಎಣ್ಣೆಗಳಿಂದ ಸಂದು ಮುಚ್ಚಿದ ಹಡಗುಗಳು ಅರಬ್ಬೀ ಸಮುದ್ರದಲ್ಲಿ ಶತಮಾನಗಳ ಕಾಲ ವ್ಯಾಪಾರ ಮಾಡಿವೆ. ಅಜಂತಾದ ಒಂದು ವರ್ಣಚಿತ್ರವನ್ನು ಆಧಾರವಾಗಿಟ್ಟುಕೊಂಡು ಗೋವಾದಲ್ಲಿ ಅದೇ ಕ್ರಮದಲ್ಲಿ ಹೊಲಿದ ‘ಕೌಂಡಿನ್ಯ’ ಹಡಗು 2025ರ ಮೇ 21ರಂದು ಕಾರವಾರದ ನೌಕಾನೆಲೆಯಲ್ಲಿ ನೌಕಾಪಡೆಗೆ ಸೇರಿತು. ಅದನ್ನು ಹೊಲಿದವರು ಕೇರಳದ ಕುಶಲಕರ್ಮಿಗಳು, ಮುಂದಾಳು ಬಾಬು ಶಂಕರನ್. ಅದರ ಹುರಿ ಹಡಗಿನ ಆಯುಸ್ಸಿನುದ್ದಕ್ಕೂ ಹಲಗೆಯನ್ನು ಹಿಡಿದಿರಬೇಕು. ಅಲೆಯ ಹೊಡೆತಕ್ಕೆ ಕೊಂಚ ಬಾಗಿ ಮತ್ತೆ ಬಿಗಿಯಾಗುವುದು ಅದರ ಗುಣ. ನಮ್ಮ ತಾಮ್ರದ ತಂತಿಯ ಕೆಲಸ ಅಂಟು ಒಣಗುವವರೆಗೆ ಮಾತ್ರ. ಆಮೇಲೆ ಹೊರಗಿನ ತಿರುವನ್ನು ಕತ್ತರಿಸಿ ಅರದಿಂದ ಉಜ್ಜಿ ಸಮ ಮಾಡಿದರೆ ಉಳಿಯುವುದು ಆ ಚುಕ್ಕಿಗಳಷ್ಟೇ. ಎರಡರ ನಡುವೆ ಇಷ್ಟು ಅಂತರವಿದ್ದರೂ, ಕುಮಟೆಯ ಗೆಳೆಯ ತಂತಿ ಎಳೆಯುತ್ತಿದ್ದ ರೀತಿಯಲ್ಲಿ ಪರಿಚಿತವಾದದ್ದೇನೋ ಇತ್ತು. ಕೈ ಎದೆಯತ್ತ ಬರುತ್ತಿತ್ತು, ಮೈ ಹಿಂದಕ್ಕೆ ಒರಗುತ್ತಿತ್ತು.

ಅಂಟು ಹಾಕುವ ಮುಂಚೆ ದೋಣಿ ತಿರುಚಿಕೊಂಡಿದೆಯೇ ಎಂದು ನೋಡಬೇಕು. ಇದು ಒಬ್ಬನಿಂದಾಗುವ ಕೆಲಸವಲ್ಲ. ಮುಂದೊಂದು ಹಿಂದೊಂದು ನೇರವಾದ ಪಟ್ಟಿಯನ್ನು ಅಡ್ಡ ಇಟ್ಟು, ಒಬ್ಬ ಹಿಂದಿನಿಂದ ಮಂಡಿಯೂರಿ ಎರಡೂ ಪಟ್ಟಿಗಳನ್ನು ಒಂದೇ ನೋಟಕ್ಕೆ ತರುತ್ತಾನೆ. ಅವು ಸಮಾನಾಂತರವಾಗಿ ಕಂಡರೆ ಸರಿ. ಇಲ್ಲವಾದರೆ ಅವನು ಹೇಳಿದಂತೆ ಇನ್ನೊಬ್ಬ ಮೂಲೆಯನ್ನು ಒತ್ತಬೇಕು, ಮತ್ತೊಬ್ಬ ಅಡಿಗೆ ಬೆಣೆ ತಳ್ಳಬೇಕು. ದಾರ ಹಿಡಿದು ಮೂಲೆಯಿಂದ ಮೂಲೆಗೆ ಅಳೆದರೆ ಎರಡೂ ಕರ್ಣಗಳು ಒಂದೇ ಉದ್ದ ಬರಬೇಕು. ಇಲ್ಲಿ ತಿರುಚಿಕೊಂಡ ದೋಣಿ ಬದುಕಿರುವಷ್ಟು ದಿನವೂ ಒಂದು ಬದಿಗೆ ಎಳೆಯುತ್ತದೆ. ಅಳತೆ ಸರಿಯಿದ್ದೂ ಕಣ್ಣಿಗೆ ಒಪ್ಪದಿರುವುದುಂಟು. “ಇಲ್ಲೊಂಚೂರು ಹೊಟ್ಟೆ ಉಬ್ಬಿದೆ ಮಾರಾಯ, ಕೈಯಾಡಿಸಿ ನೋಡು” ಎಂದ ಕುಮಟೆಯವನು. ಅಳತೆಪಟ್ಟಿಗೆ ಸಿಗದ ಉಬ್ಬು ಅಂಗೈಗೆ ಸಿಕ್ಕಿತು.

ಈ ಅಂಗೈ ಮತ್ತು ಕಣ್ಣಿನ ತೀರ್ಪೇ ದೋಣಿ ಕಟ್ಟುವುದರ ಜೀವಾಳ. ದೋಣಿಯ ಮೇಲಂಚಿನ ಗೆರೆ ಮೂತಿಯಿಂದ ಇಳಿದು, ನಡುವೆ ತಗ್ಗಿ, ಹಿಂಬದಿಗೆ ಮತ್ತೆ ಸ್ವಲ್ಪ ಏರುತ್ತದೆ. ಅದರಲ್ಲಿ ಎಲ್ಲಿಯೂ ಚಪ್ಪಟೆ ಜಾಗವಿರಬಾರದು, ಹಠಾತ್ ತಿರುವಿರಬಾರದು. ಅದನ್ನು ಪರೀಕ್ಷಿಸಲು ತೆಳ್ಳಗಿನ, ಗಂಟಿಲ್ಲದ ಮರದ ಪಟ್ಟಿಯನ್ನು ಅಂಚಿಗೆ ಬಾಗಿಸಿ ಹಿಡಿಯುತ್ತಾರೆ. ಮರ ತಾನಾಗಿ ಬಾಗುವಾಗ ಕೊಂಕು ಮಾಡುವುದಿಲ್ಲ, ಆದ್ದರಿಂದ ಪಟ್ಟಿ ಎಲ್ಲಿ ಅಂಚನ್ನು ಬಿಟ್ಟು ನಿಲ್ಲುತ್ತದೋ ಅಲ್ಲಿ ದೋಷವಿದೆ ಎಂದರ್ಥ. ಪಟ್ಟಿ ಒಪ್ಪಿದ ಮೇಲೂ ಮುಗಿಯಲಿಲ್ಲ. ಗ್ಯಾರೇಜಿನ ಬಾಗಿಲು ಎತ್ತಿ, ರಸ್ತೆಯವರೆಗೆ ಹಿಂದೆ ಸರಿದು ನೋಡಬೇಕು. ನೆಲದ ಮೇಲೆ ಅಡ್ಡಬಿದ್ದು ನೋಡಬೇಕು. ಬಡಗಿ ಹಿರಿಯರು ಉಜ್ಜುಗೊರಡಿನಿಂದ ಮೇಲಂಚಿನ ಒಂದು ಮೊಳದಷ್ಟು ಜಾಗದಲ್ಲಿ ಕಾಗದದಂಥ ಸಿಬಿರು ಎಬ್ಬಿಸಿದರು, ಅಷ್ಟೇ. ಗೆರೆ ಒಮ್ಮೆಲೇ ಹರಿಯತೊಡಗಿತು. ಎರಡು ಮಿಲಿಮೀಟರ್ ಇದ್ದೀತು. ಅಷ್ಟು ಮರ ಅಲ್ಲಿಂದ ಹೋದದ್ದಕ್ಕೆ ನಾವು ಎಲ್ಲರೂ ಒಟ್ಟಿಗೆ ಉಸಿರು ಬಿಟ್ಟೆವು.

ಮಿರರ್‌ನ ಚಪ್ಪಟೆ ಮೂತಿಯನ್ನು ಕುರೂಪವೆನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪ್ಲೈವುಡ್ ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ಅದನ್ನು ಚೂಪು ಮೂತಿಗೆ ತರಬೇಕಾದರೆ ಹಲಗೆಯನ್ನು ಬಲವಾಗಿ ತಿರುಚಬೇಕು, ಜೊತೆಗೆ ದೋಣಿ ಉದ್ದವಾಗಬೇಕು. ಹನ್ನೊಂದು ಅಡಿಯೊಳಗೆ ಅಪ್ಪ, ಅಮ್ಮ, ಮಗು ಕೂರುವಷ್ಟು ಜಾಗ ಬೇಕೆಂದಾಗ ಮೂತಿಯನ್ನು ಮೊಟಕು ಮಾಡಿದ್ದು ಸರಿಯಾದ ಜಾಣ್ಮೆ. ಹಲಗೆಯ ಸ್ವಭಾವವನ್ನು ಅರಿತು ಗೆರೆ ಎಳೆದಿದ್ದಾರೆ. ಸಣ್ಣ ಅಲೆ ಬಂದಾಗ ಆ ಮೂತಿ ಅದನ್ನು ಸೀಳುವ ಬದಲು ಮೇಲೇರುತ್ತದೆ. ನೀರಿನಲ್ಲಿ ನೋಡಿದ ಮೇಲೆ ಅದರ ಚೆಲುವಿನ ಬಗ್ಗೆ ಅನುಮಾನ ಉಳಿಯುವುದಿಲ್ಲ.

ಅಂಟಿನ ಕೆಲಸಕ್ಕೆ ಮೊದಲ ಮಿರರ್‌ಗಳಲ್ಲಿ ಪಾಲಿಯೆಸ್ಟರ್ ರೆಸಿನ್ ಬಳಸಿದ್ದರು, ಈಗ ಎಪಾಕ್ಸಿ. ಎರಡು ದ್ರವಗಳನ್ನು ಹೇಳಿದ ಪ್ರಮಾಣದಲ್ಲಿ ಕಲಸಿ, ನಯವಾದ ಮರದ ಹುಡಿ ಸೇರಿಸಿದರೆ ಕೋಲಿನಿಂದ ಜಾರದಷ್ಟು ಗಟ್ಟಿಯಾದ ಗಾರೆಯಾಗುತ್ತದೆ. ಅದನ್ನು ಒಳಮೂಲೆಗೆ ತುಂಬಿ, ತುದಿ ದುಂಡಗಿರುವ ಕೋಲಿನಿಂದ ಒಂದೇ ಎಳೆತಕ್ಕೆ ಸವರಿದರೆ ನುಣುಪಾದ ಬಳುಕು ಉಳಿಯುತ್ತದೆ. ಅದರ ಮೇಲೆ ಗಾಜಿನ ನಾರಿನ ಪಟ್ಟಿ. ಒಣಗಿದ್ದಾಗ ಬೆಳ್ಳಗೆ ಹೊಳೆಯುವ ಈ ಪಟ್ಟಿಗೆ ಬ್ರಷ್‌ನಿಂದ ರೆಸಿನ್ ಒತ್ತುತ್ತಾ ಹೋದಂತೆ ಬಿಳುಪು ಕರಗಿ, ನೂಲು ಮಾಯವಾಗಿ, ಅಡಿಯ ಮರದ ಗೆರೆಗಳು ಒದ್ದೆ ಬಣ್ಣದಲ್ಲಿ ಮೇಲೆ ಬರುತ್ತವೆ. ಎಲ್ಲಿ ಬಿಳುಪು ಉಳಿದಿದೆಯೋ ಅಲ್ಲಿ ಗಾಳಿ ಸಿಕ್ಕಿಕೊಂಡಿದೆ. ನಾಲ್ಕು ತಲೆಗಳು ದೋಣಿಯೊಳಗೆ ಬಗ್ಗಿ ಬಿಳಿ ಚುಕ್ಕೆ ಹುಡುಕುವ ಆ ಹೊತ್ತು ಬಹಳ ಚೆನ್ನ. ಆದರೆ ನಿಧಾನಿಸುವಂತಿಲ್ಲ. ಡಬ್ಬಿಯಲ್ಲಿ ರಾಶಿಯಾಗಿ ಬಿಟ್ಟ ಎಪಾಕ್ಸಿ ತನ್ನ ಬಿಸಿಗೆ ತಾನೇ ಕುದಿದು ಹೊಗೆಯಾಡುತ್ತದೆ, ಅಗಲವಾದ ತಟ್ಟೆಯಲ್ಲಿ ಹರಡಿಟ್ಟರೆ ತಡೆದುಕೊಳ್ಳುತ್ತದೆ. ಕೈಗವಸು ಇಲ್ಲದೆ ಇದನ್ನು ಮುಟ್ಟಲೇಬಾರದು. ಒಮ್ಮೆ ಚರ್ಮಕ್ಕೆ ಒಗ್ಗದಂತಾದರೆ ಆ ಅಲರ್ಜಿ ಮತ್ತೆ ಬಿಟ್ಟುಹೋಗುವುದಿಲ್ಲ.

ಮೇಲಂಚಿಗೆ ಆ್ಯಶ್ ಮರದ ಪಟ್ಟಿ ಕೂರಿಸುವ ದಿನ ಎಷ್ಟು ಜನ ಇದ್ದರೂ ಸಾಲದು. ಅಂಟು ಸವರಿದ ಉದ್ದನೆಯ ಪಟ್ಟಿಯ ದೂರದ ತುದಿಯನ್ನು ಒಬ್ಬ ಎತ್ತಿ ಹಿಡಿದು ದೋಣಿಯ ಬಾಗಿಗೆ ತಕ್ಕಂತೆ ಮೆಲ್ಲಗೆ ನಡೆದು ಬರಬೇಕು, ಇನ್ನಿಬ್ಬರು ನಡುವಿನಿಂದ ಕ್ಲ್ಯಾಂಪು ಬಿಗಿಯುತ್ತಾ ಬರಬೇಕು. ದೋಣಿ ಕಟ್ಟುವವರ ಹತ್ತಿರ ಎಷ್ಟು ಕ್ಲ್ಯಾಂಪುಗಳಿದ್ದರೂ ಕೊನೆಗೆ ಇನ್ನೊಂದು ಕಮ್ಮಿ ಬೀಳುತ್ತದೆ. ಆ ಬೀದಿಯ ಮನೆಗಳಿಂದೆಲ್ಲ ಎರವಲು ತಂದಿದ್ದೆವು. ಎಲ್ಲ ಬಿಗಿದ ಮೇಲೆ ಅಂಟು ಹಿಡಿಯುವವರೆಗೆ ಮಾಡುವಂಥದ್ದೇನೂ ಇರುವುದಿಲ್ಲ. ಶಿವಮೊಗ್ಗದವನ ಹೆಂಡತಿ ಮಾಡಿದ ಅವಲಕ್ಕಿ, ಚಹಾ, ಬಡಗಿ ಹಿರಿಯರ ಹಳೆಯ ಕತೆಗಳು. ಸ್ನೇಹಿತರು ಸೇರಿ ಮಾಡಬೇಕಾದ ಕೆಲಸಗಳಲ್ಲಿ ಕಾಯುವುದು ಒಂದು. ಒಂಟಿಯಾಗಿ ಕಟ್ಟುವವರಿಗೆ ಸಿಗದ ಸುಖ ಇದೇ ಎಂದು ನನ್ನ ನಂಬಿಕೆ.

ಒಡಲು ಮುಗಿದ ಮೇಲೆ ಒಳಸಜ್ಜು. ಇಲ್ಲಿ ದೋಣಿ ಬಳಸುವವರ ಮೈಕಟ್ಟಿಗೆ ಹೊಂದಿಕೊಳ್ಳುತ್ತದೆ. ಗ್ಯಾರೇಜಿನ ನೆಲದ ಮೇಲೆ ದೋಣಿಯಿಟ್ಟು ಅದರಲ್ಲಿ ಕೂತು, ಇಲ್ಲದ ಹುಟ್ಟನ್ನು ಹಿಡಿದು ಮೀಟಿ, ಇಲ್ಲದ ಹಗ್ಗವನ್ನು ಎಳೆದು ನೋಡಬೇಕು. ಕೈ ತಾನಾಗಿ ಎಲ್ಲಿ ಹೋಗುತ್ತದೋ ಅಲ್ಲಿ ಹಗ್ಗ ಕಟ್ಟುವ ಗೂಟ. ಹುಟ್ಟು ಕೂರುವ ಕವಲು ಅಡ್ಡಹಲಗೆಯ ಹಿಂದಂಚಿನಿಂದ ಸುಮಾರು ಒಂದು ಅಡಿ ಹಿಂದಕ್ಕೆ. ಅಲ್ಲಿ ಉಜ್ಜುವ ಹುಟ್ಟಿನ ಭಾಗಕ್ಕೆ ತೊಗಲು ಸುತ್ತಿ ಹೊಲಿಯುತ್ತಾರೆ. ತಿರುಪುಗಳು ಉಪ್ಪುನೀರಿಗೆ ಹಿತ್ತಾಳೆಯದ್ದಾಗಬಾರದು. ಹಿತ್ತಾಳೆಯ ಸತುವನ್ನು ಸಮುದ್ರ ಕ್ರಮೇಣ ಎಳೆದುಕೊಂಡು ಗುಲಾಬಿ ಬಣ್ಣದ, ಬೆರಳಲ್ಲಿ ಮುರಿಯುವ ತಾಮ್ರವನ್ನು ಉಳಿಸುತ್ತದೆ. ಕಂಚು ಹೆಚ್ಚು ಬೆಲೆಯದಾದರೂ ಹಸಿರು ಹಿಡಿದು ನಿಲ್ಲುತ್ತದೆ. ಪಕ್ಕದ ಆಸನಗಳ ಅಡಿಯಲ್ಲಿ ಗಾಳಿ ತುಂಬಿದ ಮುಚ್ಚಿದ ಪೆಟ್ಟಿಗೆಗಳು ಇರಲೇಬೇಕು. ಮಿರರ್ ಮಗುಚಿದರೂ ಮುಳುಗದೆ, ನೆಟ್ಟಗೆ ಮಾಡಿ ಮತ್ತೆ ಹತ್ತಿ ಹೋಗುವಂತಿರುವುದು ಈ ಪೆಟ್ಟಿಗೆಗಳಿಂದ.

ಮೂಲ ಮಿರರ್‌ನ ಹಾಯಿಕಂಬ ಗಿಡ್ಡ. ಅದರ ಮೇಲೆ ಇನ್ನೊಂದು ಕೋಲು ನೆಟ್ಟಗೆ ಜಾರಿ ಏರಿ ಹಾಯಿಗೆ ಬೇಕಾದ ಎತ್ತರ ಕೊಡುತ್ತದೆ. ಇಳಿಸಿದರೆ ಎಲ್ಲ ಕೋಲುಗಳೂ ದೋಣಿಯೊಳಗೇ ಮಲಗುತ್ತವೆ. ಒಡಲಿನ ತೂಕ 45 ಕಿಲೋ ಆಸುಪಾಸು, ಇಬ್ಬರು ಎತ್ತಿ ಕಾರಿನ ಮೇಲೆ ಕಟ್ಟಿದರಾಯಿತು. ಇನ್ನು ಆ ಕೆಂಪು. ಇಂದಿನ ಹಾಯಿ ಪಾಲಿಯೆಸ್ಟರ್, ಅದಕ್ಕೆ ರಕ್ಷಣೆಯ ಬಣ್ಣ ಬೇಡ. ಆದರೆ ಕೆಂಪು ಹಾಯಿ ಬ್ರಿಟಿಷ್ ಕಡಲಿಗೆ ಹಳೆಯ ನೆಂಟ. ಅಲ್ಲಿನ ಬೆಸ್ತರು ಅಗಸೆನಾರಿನ, ಹತ್ತಿಯ ಹಾಯಿಗಳು ಕೊಳೆಯದಿರಲೆಂದು ಅವನ್ನು ಓಕ್ ತೊಗಟೆಯ ಕಷಾಯದಲ್ಲಿ ಅದ್ದುತ್ತಿದ್ದರು. ಆಮೇಲೆ ಭಾರತ, ಬರ್ಮಾ ಕಡೆಗಳಿಂದ ಹಡಗಿನಲ್ಲಿ ಬಂದ ಕಾಚು ಆ ಕೆಲಸಕ್ಕೆ ಒದಗಿತು. ನಮ್ಮ ಹಿರಿಯರ ಎಲೆಯಡಿಕೆಯ ತಟ್ಟೆಯಲ್ಲಿ ಇರುತ್ತಿದ್ದ ಅದೇ ಕಾಚು, ಅದೇ ಒಗರು, ಅದೇ ಕೆಂಪು.

ವಾರ್ನಿಷ್ ಬಗ್ಗೆ ಒಂದೇ ಮಾತು. ದಪ್ಪಗಿನ ಒಂದು ಪದರಕ್ಕಿಂತ ತೆಳ್ಳಗಿನ ಹಲವು ಪದರು ಮೇಲು, ನಡುನಡುವೆ ಸ್ಯಾಂಡ್‌ಪೇಪರ್. ಕಸ ಗುಡಿಸಿದ ಮರುದಿನ ಬೆಳಗ್ಗೆ, ಧೂಳು ಕೂತ ಮೇಲೆ, ಯಾರೂ ಓಡಾಡದ ಹೊತ್ತಿನಲ್ಲಿ ಹಚ್ಚಬೇಕು.

ನೀರಿಗಿಳಿಸುವ ದಿನದ ಸಡಗರವನ್ನು ಬೇರೆಯವರು ಸಾಕಷ್ಟು ಬರೆದಿದ್ದಾರೆ. ನನಗೆ ನೆನಪಿರುವುದು ತೆಳು ಹಲಗೆಯ ಅಡಿಯಲ್ಲಿ ನೀರಿನ ಸದ್ದು. ಪ್ಲಾಸ್ಟಿಕ್ ದೋಣಿಯಲ್ಲಿ ಅದು ಮಂದ. ಆರು ಮಿಲಿಮೀಟರ್ ಮರದಲ್ಲಿ ಪ್ರತಿ ಕಿರುತೆರೆಯೂ ಬಿಡಿಬಿಡಿಯಾಗಿ ಕೇಳುತ್ತದೆ, ಮತ್ತು ಅದು ಕುಂಡೆಯ ಮೂಲಕವೂ ಕೇಳುತ್ತದೆ.

ಇಂಥ ಪುಟ್ಟ ಒಡಲು ಎಲ್ಲಿಗೆ ಹೋಗಬಲ್ಲದು ಎಂದು ಕೇಳುವವರಿಗೆ ಎ. ಜೆ. ಮೆಕಿನನ್ ಎಂಬ ಶಾಲಾ ಮೇಷ್ಟ್ರ ಉದಾಹರಣೆಯಿದೆ. 1997ರಲ್ಲಿ ಇಂಗ್ಲೆಂಡಿನ ಶ್ರಾಪ್‌ಶೈರ್‌ನಿಂದ ‘ಜ್ಯಾಕ್ ಡ ಕ್ರೋ’ ಹೆಸರಿನ ಹಳೆಯ ಮಿರರ್‌ನಲ್ಲಿ ಹೊರಟವರು ನದಿ, ಕಾಲುವೆಗಳನ್ನು ಹಿಡಿದು, ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಡ್ಯಾನ್ಯೂಬ್ ಇಳಿದು ಕಪ್ಪು ಸಮುದ್ರದವರೆಗೂ ಹೋದರು. ಜನ ಸೇರಿ ಕಟ್ಟುವ ಆನಂದವನ್ನು ಇನ್ನೂ ದೊಡ್ಡದಾಗಿಸಿದ್ದು ಸ್ಕಾಟ್ಲೆಂಡ್. 2009ರಲ್ಲಿ ಆ್ಯನ್‌ಸ್ಟ್ರದರ್‌ನ ಮೀನುಗಾರಿಕಾ ವಸ್ತುಸಂಗ್ರಹಾಲಯದ ಕೋರಿಕೆಯ ಮೇರೆಗೆ ಇಯಾನ್ ಔಟ್ರೆಡ್ 22 ಅಡಿಯ, ನಾಲ್ಕು ಹುಟ್ಟಿನ ಸೇಂಟ್ ಐಲ್ಸ್ ಸ್ಕಿಫ್ ರೂಪಿಸಿದರು. ಊರೂರಿನ ಜನ ಕೊಟ್ಟಿಗೆಗಳಲ್ಲಿ ಸೇರಿ ತಮ್ಮ ತಮ್ಮ ಊರಿಗೆ ಒಂದೊಂದು ಕಟ್ಟಿಕೊಂಡರು. 2013ರಲ್ಲಿ ಅಲಪೂಲ್‌ನಲ್ಲಿ ಅವುಗಳ ಮೊದಲ ವಿಶ್ವ ಸ್ಪರ್ಧೆಯೇ ನಡೆಯಿತು.

ನಮ್ಮ ಊರುಗಳಲ್ಲಿ ಇದು ಆಗಬಾರದೇಕೆ? ಅಡುಗೆಮನೆಯ ಕಪಾಟಿಗೆಂದು ಪ್ಲೈವುಡ್ ಅಂಗಡಿಗಳಲ್ಲಿ ಮಾರುವ ಐಎಸ್ 710 ಮುದ್ರೆಯ ಮರೈನ್ ಪ್ಲೈವುಡ್ ಒಕೂಮೆಗಿಂತ ಭಾರವಾದರೂ ಒಂದು ಎಂಟಡಿಯ ದೋಣಿಗೆ ನಡೆಯುತ್ತದೆ. ಎಪಾಕ್ಸಿ ಸಿಗುತ್ತದೆ, ತಾಮ್ರದ ತಂತಿ ಎಲೆಕ್ಟ್ರಿಕಲ್ ಅಂಗಡಿಯಲ್ಲೇ ಇದೆ. ಮೂವರು ಗೆಳೆಯರು, ಒಂದು ಪೋರ್ಟಿಕೊ, ಪಕ್ಕದಲ್ಲಿ ಕೈಚಳಕವುಳ್ಳ ಒಬ್ಬ ಆಚಾರಿ ಇದ್ದರೆ ಸಾಕು. ನೀರಿಗಿಳಿಸುವ ಮುಂಚೆ ಆ ಕೆರೆಯನ್ನೋ ಹಿನ್ನೀರನ್ನೋ ನೋಡಿಕೊಳ್ಳುವವರ ಅನುಮತಿ ಪಡೆಯಿರಿ, ಹತ್ತುವ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ಇರಲಿ. ಅಂಟಿನ ಕೆಲಸ ಮಾತ್ರ ಮಳೆಗಾಲದಲ್ಲಿ ಬೇಡ. ತೇವದ ಗಾಳಿಗೆ ಎಪಾಕ್ಸಿಯ ಮೇಲೆ ಜಿಡ್ಡು ಕೂತು ಮುಂದಿನ ಪದರು ಹಿಡಿಯುವುದಿಲ್ಲ. ದೀಪಾವಳಿ ಕಳೆದ ಮೇಲೆ ಶುರು ಮಾಡಿ.